ಗಡಿಯಲ್ಲಿರುವ ಸೈನಿಕನ ಮನೆಗೆ ಆಸರೆಯಾಗಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಆರೇಳು ಜನ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು. ನಮ್ಮ ತಾಲ್ಲೂಕಿನ ಹಲವು ಮನೆಗಳ ಹುಡುಗರು ಸೇನೆಯಲ್ಲಿದ್ದಾರೆ. ಕೆಲವರು ಈಗ ಲಡಾಖ್, ಅರುಣಾಚಲದ ಕಡೆ ಇದ್ದಾರಂತೆ. ಅವರಿಗೆ ಸ್ವೆಟರ್, ತಿಂಡಿ ಕಳಿಸೋಣ, ಮನೆಯವರಿಗೂ ಏನಾದರೂ ಮಾಡೋಣ ಎಂದುಕೊಂಡಿದ್ದೇವೆ. ಕ್ರಮವಾಗಿ ಮಾಡುವುದು ಹೇಗೆ?

ಉತ್ತರ: ಸ್ವೆಟರ್ ವಿಚಾರ ಮೊದಲೇ ಕೈಬಿಡಿ. ಎತ್ತರದ ಪ್ರದೇಶಕ್ಕೆ ಹೋಗುವ ಜವಾನನಿಗೆ ಅಲ್ಲಿನ ಚಳಿಗೆಂದೇ ತಯಾರಾದ ಜಾಕೆಟ್, ಬೂಟು, ಕೈಗವಸುಗಳನ್ನು ಸೇನೆಯೇ ಕೊಡುತ್ತದೆ. ನೀವು ಕಳಿಸಿದ ಉಣ್ಣೆಬಟ್ಟೆ ಟ್ರಂಕಿನ ತಳ ಸೇರುತ್ತದೆ ಅಷ್ಟೆ. ಪರಿಚಯವಿಲ್ಲದವರಿಂದ ಬಂದ ಪಾರ್ಸಲ್ಲನ್ನು ಯೂನಿಟ್‌ನವರು ತಪಾಸಣೆ ಮಾಡದೆ ಒಳಗೆ ಬಿಡುವುದಿಲ್ಲ, ಅದೂ ಅವರಿಗೊಂದು ಕೆಲಸ. ಫೀಲ್ಡ್‌ನಲ್ಲಿರುವ (ಅಂದರೆ ಗಡಿಯಂಥ ಕಾರ್ಯಾಚರಣೆ ಪ್ರದೇಶದಲ್ಲಿರುವ) ಸೈನಿಕನ ತಲೆ ತಿನ್ನುವುದು ಊರಿನ ಸಂಗತಿಗಳು: ಅಣ್ಣತಮ್ಮಂದಿರ ಜಮೀನಿನ ತಕರಾರು, ಅಪ್ಪನ ಆಸ್ಪತ್ರೆ, ಮಗುವಿನ ಶಾಲೆ, ಹೆಂಡತಿಯ ಹೆಸರು ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುವುದು. ಕಚೇರಿ, ಅರ್ಜಿ, ಬ್ಯಾಂಕು ಎಲ್ಲ ಗೊತ್ತಿರುವ ನಿಮ್ಮಂಥವರು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಮೊದಲು ಹೋಗಬೇಕಾದದ್ದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ. ಸಾಮಾನ್ಯವಾಗಿ ನಿವೃತ್ತ ಸೇನಾಧಿಕಾರಿಯೊಬ್ಬರು ಅದರ ಉಪನಿರ್ದೇಶಕರಾಗಿರುತ್ತಾರೆ. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಕಚೇರಿ ಮಾಜಿ ಸೈನಿಕರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇದೆ. ಸೇವೆಯಲ್ಲಿರುವವರ ಕುಟುಂಬದ ಅಹವಾಲುಗಳನ್ನು ಜಿಲ್ಲಾಡಳಿತಕ್ಕೆ ಮುಟ್ಟಿಸುವುದೂ ಅದರ ಕೆಲಸವೇ. ಅಲ್ಲಿ ಹೋಗಿ ಸೈನಿಕರ ಮನೆಗಳ ಪಟ್ಟಿ ಕೇಳಬೇಡಿ, ಕೊಡುವುದಿಲ್ಲ, ಕೊಡಲೂಬಾರದು. ಯಾವ ಕೆಲಸ ಮಾಡಬಲ್ಲಿರಿ, ವಾರದಲ್ಲಿ ಎಷ್ಟು ಹೊತ್ತು ಕೊಡಬಲ್ಲಿರಿ ಎಂದು ಒಂದು ಹಾಳೆಯಲ್ಲಿ ಬರೆದು, ನಿಮ್ಮೆಲ್ಲರ ಗುರುತಿನ ಚೀಟಿಯ ನಕಲು ಲಗತ್ತಿಸಿ ಕೊಡಿ. ನೆರವು ಬೇಕೆಂದ ಕುಟುಂಬವನ್ನು ಅವರೇ ನಿಮ್ಮ ಕಡೆ ಕಳಿಸಲಿ. ತಾಲ್ಲೂಕಿನ ಮಾಜಿ ಸೈನಿಕರ ಸಂಘದವರೊಬ್ಬರನ್ನು ನಿಮ್ಮ ಗುಂಪಿಗೆ ಸೇರಿಸಿಕೊಂಡರೆ ಅರ್ಧ ದಾರಿ ಸವೆದಂತೆ. ಸೇನೆಯ ಕಾಗದದ ಭಾಷೆ ಅವರಿಗೆ ಬರುತ್ತದೆ, ನಮಗೆ ಬರುವುದಿಲ್ಲ.

ಕುಟುಂಬ ಎದುರಿಗೆ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ, ಮಗ ಯಾವ ಪಡೆಯಲ್ಲಿದ್ದಾನೆ ಎಂಬುದು. ನಮ್ಮಲ್ಲಿ ಎಲ್ಲರನ್ನೂ ‘ಮಿಲಿಟರಿಯವರು’ ಅನ್ನುತ್ತೇವೆ. ಆದರೆ ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಸಚಿವಾಲಯದ ಕೆಳಗೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿಯಂಥ ಪಡೆಗಳು ಗೃಹ ಸಚಿವಾಲಯದ ಕೆಳಗೆ. ಪಿಂಚಣಿ, ಆಸ್ಪತ್ರೆ, ಕಲ್ಯಾಣ ಮಂಡಳಿ, ವಿದ್ಯಾರ್ಥಿವೇತನ ಎಲ್ಲವೂ ಬೇರೆ ಬೇರೆ. ಬಿಎಸ್‌ಎಫ್ ಜವಾನನ ಹೆಂಡತಿಯನ್ನು ಸೈನಿಕ ಕಲ್ಯಾಣ ಕಚೇರಿಗೆ ಮೂರು ಸಲ ಅಲೆಸಿ ಕೊನೆಗೆ ‘ಇದು ನಮ್ಮದಲ್ಲ’ ಅನ್ನಿಸಿಕೊಂಡು ಬರುವುದು ಹೊಸ ಸ್ವಯಂಸೇವಕರು ಮಾಡುವ ಮಾಮೂಲಿ ತಪ್ಪು. ಸೇನೆಯಲ್ಲಿದ್ದರೆ ಅಗ್ನಿವೀರನೇ ಎಂದೂ ಕೇಳಿ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಪಿಂಚಣಿ ಇಲ್ಲ, 48 ಲಕ್ಷ ರೂಪಾಯಿಯ ವಿಮೆ ಇದೆ, ವಾರ್ಷಿಕ ರಜೆ 30 ದಿನ. ಉಳಿದ ಜವಾನರಿಗೆ ವರ್ಷಕ್ಕೆ 60 ದಿನದ ವಾರ್ಷಿಕ ರಜೆ, ಅದರ ಮೇಲೆ 30 ದಿನದ ಸಾಂದರ್ಭಿಕ ರಜೆ. ಪಕ್ಕದ ಮನೆಯವನಿಗೆ ಸಿಕ್ಕಿದ್ದು ಇವನಿಗೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ಇಲ್ಲೇ ಇರುತ್ತದೆ.

ಮನೆಗೆ ಹೋಗುವ ಕ್ರಮದ ಬಗ್ಗೆ ಸ್ವಲ್ಪ ಖಡಕ್ಕಾಗಿ ಹೇಳಬೇಕಾಗುತ್ತದೆ. ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ, ಹಗಲು ಹೊತ್ತಿನಲ್ಲಿ, ಮೊದಲೇ ಫೋನ್ ಮಾಡಿ. ಗಂಡ ದೂರವಿರುವ ಮನೆಗೆ ಗಂಡಸೊಬ್ಬ ಪದೇಪದೇ ಬಂದುಹೋದರೆ ಊರು ಆಡುವ ಮಾತು ಏನೆಂದು ನಿಮಗೆ ಗೊತ್ತು. ಆ ಮಾತು ಗಡಿಗೆ ತಲುಪಲು ಒಂದು ವಾಟ್ಸಾಪ್ ಸಂದೇಶ ಸಾಕು. ಹಾಗಾಗಿ ಮೊದಲ ಭೇಟಿಗೆ ಮುಂಚೆ ಸೈನಿಕನ ಜೊತೆಗೇ ಮಾತಾಡಿ, ನೀವು ಯಾರು, ಏನು ಮಾಡುತ್ತೀರಿ ಎಂದು ಹೇಳಿ ಅವನ ಒಪ್ಪಿಗೆ ತೆಗೆದುಕೊಳ್ಳಿ. ಒಂದು ಜೋಡಿಗೆ ಮೂರು ಮನೆ ಸಾಕು. ಹತ್ತು ಮನೆ ಹಿಡಿದರೆ ಎರಡನೇ ತಿಂಗಳಿಗೆ ಯಾರ ಮನೆಗೂ ಹೋಗುವುದಿಲ್ಲ, ಅದು ಹೋಗದೆ ಇದ್ದುದಕ್ಕಿಂತ ಕೆಟ್ಟದ್ದು.

ಇನ್ನೊಂದು ಸೂಕ್ಷ್ಮ: ಸಂಬಳ ಯಾರ ಖಾತೆಗೆ ಬರಬೇಕು, ಅಪ್ಪ ಅಮ್ಮನಿಗೋ ಹೆಂಡತಿಗೋ ಎಂಬ ಜಗಳ ಬಹಳ ಮನೆಗಳಲ್ಲಿ ಒಳಗೊಳಗೇ ಇರುತ್ತದೆ. ಅತ್ತೆ ಒಂದು ಕಿವಿಗೆ, ಸೊಸೆ ಇನ್ನೊಂದು ಕಿವಿಗೆ ಹೇಳುತ್ತಾರೆ. ಯಾರ ಪಕ್ಷವನ್ನೂ ವಹಿಸಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯಬೇಡಿ, ಸೈನಿಕನಿಗಂತೂ ವರದಿ ಮಾಡಲೇಬೇಡಿ. ಎಟಿಎಂ ಕಾರ್ಡು, ಪಿನ್, ಒಟಿಪಿ ಮುಟ್ಟಬೇಡಿ. ‘ಸರ್, ನೀವೇ ತೆಗೆದುಕೊಡಿ’ ಎಂದು ಅವರೇ ಕೊಟ್ಟರೂ ಬೇಡ. ಮೂಲ ದಾಖಲೆಗಳನ್ನು ಮನೆಗೆ ತರಬೇಡಿ. ನಕಲು ಬೇಕಿದ್ದರೆ ಅದರ ಮೇಲೆ ಯಾವ ಕೆಲಸಕ್ಕೆ ಎಂದು ಅಡ್ಡಗೆರೆ ಎಳೆದು ಬರೆಯಿಸಿ.

ಈಗ ಕಾಗದಪತ್ರ. ನಿಮ್ಮಿಂದ ಆಗಬಹುದಾದ ಅತಿ ದೊಡ್ಡ ಉಪಕಾರ ಇದೇ, ನೋಡಲು ಮಾತ್ರ ಅತಿ ನೀರಸ. ಸೈನಿಕನ ಮನೆಯ ಪ್ರತಿಯೊಂದು ಘಟನೆ, ಅಂದರೆ ಮದುವೆ, ಮಗುವಿನ ಜನನ, ತಂದೆಯ ಸಾವು, ಯೂನಿಟ್‌ನ ‘ಪಾರ್ಟ್ ಟೂ ಆರ್ಡರ್’ನಲ್ಲಿ (ಸಿಬ್ಬಂದಿಯ ವೈಯಕ್ತಿಕ ವಿವರಗಳ ಬದಲಾವಣೆ ದಾಖಲಿಸುವ ಆದೇಶ) ಪ್ರಕಟವಾಗಿ ಅವನ ರೆಕಾರ್ಡ್ ಆಫೀಸಿಗೆ, ಅಂದರೆ ಸೇವಾ ದಾಖಲೆಗಳನ್ನು ಇಡುವ ಸೇನಾ ಕಚೇರಿಗೆ, ಹೋಗಬೇಕು. ಅಲ್ಲಿ ಇಲ್ಲದ ಮಗು ಸೇನೆಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಮದುವೆಯಾದ ಮೇಲೆ ರಜೆ ಮುಗಿಸಿ ಹೋದ ಹುಡುಗ ನೇರ ಫೀಲ್ಡ್‌ಗೆ ಹೊರಟು, ಈ ಕೆಲಸ ವರ್ಷಗಟ್ಟಲೆ ಬಾಕಿ ಉಳಿಯುವುದುಂಟು. ಮನೆಯವರ ಕೈಯಲ್ಲಿ ಒಂದು ಹಾಳೆ ಮಾಡಿಸಿ: ಸೈನಿಕನ ಹೆಸರು, ತಂದೆ, ತಾಯಿ, ಹೆಂಡತಿ, ಮಕ್ಕಳ ಹೆಸರು ಮತ್ತು ಹುಟ್ಟಿದ ದಿನಾಂಕ, ಎದುರಿಗೆ ನಾಲ್ಕು ಕಂಬಸಾಲು, ಸೇವಾ ದಾಖಲೆ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಸೇವಾ ದಾಖಲೆಯ ಸಾಲನ್ನು ಸೈನಿಕನೇ ಯೂನಿಟ್ ಕಚೇರಿಯಲ್ಲಿ ನೋಡಿ ಹೇಳಬೇಕು. ಲಕ್ಷ್ಮವ್ವ ಒಂದು ಕಡೆ, ಲಕ್ಷ್ಮೀಬಾಯಿ ಇನ್ನೊಂದು ಕಡೆ; ಇನಿಷಿಯಲ್ ಹಿಂದೆ ಮುಂದೆ; ಅಡ್ಡಹೆಸರು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ; ಹುಟ್ಟಿದ ದಿನ ಎಲ್ಲರದ್ದೂ ಜೂನ್ 1. ಇಂಥದ್ದು ಸಿಕ್ಕೇ ಸಿಗುತ್ತದೆ.

ಸೈನಿಕ ಸೇವೆಯಲ್ಲಿರುವಾಗ ಇದನ್ನು ಸರಿಪಡಿಸುವುದು ಸುಲಭ. ಮದುವೆ ನೋಂದಣಿ ಪತ್ರ, ಜನನ ಪ್ರಮಾಣಪತ್ರ, ಬೇಕಾದಲ್ಲಿ ಅಫಿಡವಿಟ್ ಜೋಡಿಸಿ ಅವನು ಯೂನಿಟ್‌ಗೆ ಅರ್ಜಿ ಕೊಡುತ್ತಾನೆ. ನೀವು ಮಾಡಬೇಕಾದದ್ದು ಊರಲ್ಲಿ ಆ ಕಾಗದಗಳನ್ನು ಹೊಂದಿಸಿಕೊಡುವುದು: ಮದುವೆ ನೋಂದಣಿಯೇ ಆಗಿಲ್ಲದಿದ್ದರೆ ಅವನು ರಜೆಗೆ ಬಂದಾಗ ಮೊದಲ ವಾರದಲ್ಲೇ ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ಯುವುದು, ಆಧಾರ್ ತಿದ್ದಿಸುವುದು. ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದನ್ನು ಯೂನಿಟ್ ಕ್ಲರ್ಕನ್ನು ಕೇಳಿಯೇ ನಿರ್ಧರಿಸಿ. ನಿಮಗೆ ತೋಚಿದಂತೆ ಆಧಾರ್ ಬದಲಿಸಿ, ಆಮೇಲೆ ಬ್ಯಾಂಕಿನ ದಾಖಲೆ ಅದಕ್ಕೆ ಹೊಂದದೆ ಹೋದರೆ ಒಂದು ಗಂಟು ಬಿಚ್ಚಲು ಹೋಗಿ ಎರಡು ಹಾಕಿದಂತೆ.

ನಾಮನಿರ್ದೇಶನಗಳನ್ನೂ ನೋಡಿಸಿ. ಗುಂಪು ವಿಮೆಗೆ ಒಂದು, ಭವಿಷ್ಯನಿಧಿಗೆ ಒಂದು, ಬ್ಯಾಂಕ್ ಖಾತೆಗೆ ಒಂದು ಪ್ರತ್ಯೇಕ ನಾಮಿನಿ ಇರುತ್ತಾರೆ. ಸೇರುವಾಗ ಬರೆದ ಅಮ್ಮನ ಹೆಸರು ಮದುವೆಯಾದ ಮೇಲೂ ಹಾಗೇ ಉಳಿದಿರುತ್ತದೆ. ಅಮ್ಮನಿಗೆಷ್ಟು, ಹೆಂಡತಿಗೆಷ್ಟು ಎಂಬುದು ಸೈನಿಕನ ತೀರ್ಮಾನ. ಅದನ್ನು ಅವನು ಯೋಚಿಸಿ ಬರೆದಿರಲಿ ಎಂಬುದಷ್ಟೇ ನಿಮ್ಮ ಕಾಳಜಿ. ಸಂಬಳದ ಖಾತೆ ಡಿಫೆನ್ಸ್ ಸ್ಯಾಲರಿ ಪ್ಯಾಕೇಜಿನಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಖಚಿತ ಮಾಡಿಕೊಳ್ಳಿ. ಅಪಘಾತ ವಿಮೆ ಆ ಪ್ಯಾಕೇಜಿನ ಜೊತೆ ಬರುತ್ತದೆ, ಸಾಮಾನ್ಯ ಉಳಿತಾಯ ಖಾತೆಗೆ ಬರುವುದಿಲ್ಲ.

ಜಮೀನಿನ ವಿಚಾರ ಇನ್ನೊಂದು ದೊಡ್ಡ ತಲೆನೋವು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗುವಾಗ ದೂರದಲ್ಲಿರುವವನ ಹೆಸರು ಬಿಟ್ಟುಹೋಗುವುದು, ಬದು ಒತ್ತುವುದು, ನೋಟಿಸು ಯಾರೋ ತೆಗೆದುಕೊಂಡು ಸುಮ್ಮನಿರುವುದು, ಇವೆಲ್ಲ ನಡೆಯುತ್ತವೆ. ಆರು ತಿಂಗಳಿಗೊಮ್ಮೆ ಪಹಣಿ ತೆಗೆಸಿ ಸೈನಿಕನ ಫೋನಿಗೆ ಕಳಿಸಿ. ಹಕ್ಕು ಬದಲಾವಣೆಗೆ ಅರ್ಜಿ ಬಿದ್ದಿದ್ದರೆ ಆಕ್ಷೇಪಣೆಯ ಗಡುವಿನೊಳಗೆ ಲಿಖಿತ ತಕರಾರು ಹೋಗಬೇಕು, ಆಮೇಲೆ ಮೇಲ್ಮನವಿಯ ದಾರಿ ಉದ್ದ. ಬದು ಒತ್ತಿದ್ದರೆ ಜಗಳಕ್ಕೆ ಹೋಗದೆ ಹದ್ದುಬಸ್ತಿಗೆ (ಸರ್ವೆಯರ್ ಬಂದು ಗಡಿ ಅಳೆದು ಗುರುತಿಸುವುದಕ್ಕೆ) ಅರ್ಜಿ ಹಾಕಿಸಿ. ಇದರ ಜೊತೆಗೆ ಸೈನಿಕ ತನ್ನ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಸರ್ವೆ ನಂಬರ್, ಹಿಸ್ಸಾ, ಎದುರಾಳಿಯ ಹೆಸರು, ಏನಾಯಿತು, ಏನು ಬೇಕು ಎಂಬ ಐದು ಸಂಗತಿ ಸ್ಪಷ್ಟವಿದ್ದರೆ ಆ ಪತ್ರಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ತೂಕವಿದೆ. ‘ನನ್ನ ಜಮೀನು ಕಬಳಿಸಿದ್ದಾರೆ, ನ್ಯಾಯ ಕೊಡಿ’ ಎಂದಷ್ಟೇ ಇದ್ದರೆ ಅದು ಫೈಲಿನಲ್ಲಿ ಕೂರುತ್ತದೆ. ಕರಡು ಬರೆದುಕೊಡುವುದು ನಿವೃತ್ತ ಶಿಕ್ಷಕರಿಗೆ ಹೇಳಿಮಾಡಿಸಿದ ಕೆಲಸ.

ನ್ಯಾಯಾಲಯದಲ್ಲಿ ದಾವೆ ಇದ್ದರೆ ಎರಡು ಸಂಗತಿ ತಿಳಿದಿರಲಿ, ಊರಿನ ಎಷ್ಟೋ ವಕೀಲರಿಗೂ ನೆನಪಿರುವುದಿಲ್ಲ. ಒಂದು, 1925ರ ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಕಾಯ್ದೆ. ಯುದ್ಧ ಪರಿಸ್ಥಿತಿಯಂಥ ‘ವಿಶೇಷ ಪರಿಸ್ಥಿತಿ’ಯಲ್ಲಿ ಸೇವೆಯಲ್ಲಿರುವ ಸೈನಿಕ ಹಾಜರಾಗಲಾರ, ವಿಚಾರಣೆ ಮುಂದೂಡುವುದು ನ್ಯಾಯದ ದೃಷ್ಟಿಯಿಂದ ಅಗತ್ಯ ಎಂದು ಸೇನೆಯ ನಿಗದಿತ ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ ಸಿವಿಲ್ ಮತ್ತು ಕಂದಾಯ ನ್ಯಾಯಾಲಯಗಳು ಪ್ರಕರಣವನ್ನು ಮುಂದೂಡಬೇಕು. ಅಂಥ ಸೇವೆಯ ಅವಧಿಯಲ್ಲಿ ಅವನ ವಿರುದ್ಧ ಆದ ಡಿಕ್ರಿಯನ್ನು ರದ್ದುಮಾಡಿಸಲು ಕೇಳುವ ಅವಕಾಶವೂ ಇದೆ. ಆದರೆ ಅವನಷ್ಟೇ ಹಿತಾಸಕ್ತಿಯುಳ್ಳ ಅಣ್ಣನೋ ತಮ್ಮನೋ ಅದೇ ದಾವೆಯಲ್ಲಿ ಸರಿಯಾಗಿ ಪ್ರತಿನಿಧಿಸುತ್ತಿದ್ದರೆ ವಾಯಿದೆ ಸಿಗದಿರಬಹುದು. ಎರಡು, ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶ. ರಜೆ ಸಿಗದ ಸೈನಿಕ ತನ್ನ ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿದ ಪತ್ರದ ಮೂಲಕ ಯಾರನ್ನಾದರೂ ತನ್ನ ಪರವಾಗಿ ದಾವೆ ಹೂಡಲು ಅಥವಾ ಎದುರಿಸಲು ನೇಮಿಸಬಹುದು. ಇದು ಆಸ್ತಿ ಮಾರುವ ಅಧಿಕಾರಪತ್ರವಲ್ಲ. ನೋಂದಣಿ ಕೆಲಸಕ್ಕೆ ಬೇಕಾದ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬೇರೆ, ಅದನ್ನು ರಜೆಯಲ್ಲಿದ್ದಾಗ ಉಪನೋಂದಣಾಧಿಕಾರಿ ಎದುರು ಮಾಡಿಸುವುದು ಕ್ಷೇಮ, ಅದೂ ನಿರ್ದಿಷ್ಟ ಸರ್ವೆ ನಂಬರಿಗೆ, ನಿರ್ದಿಷ್ಟ ಕೆಲಸಕ್ಕೆ. ‘ಎಲ್ಲ ಅಧಿಕಾರವೂ ಅಣ್ಣನಿಗೆ’ ಎಂದು ಬರೆದುಕೊಟ್ಟು ಜಮೀನು ಕಳೆದುಕೊಂಡವರ ಕಥೆ ಪ್ರತಿ ತಾಲ್ಲೂಕಿನಲ್ಲೂ ಇದೆ.

ಉಳುಮೆ ಮಾಡುವವರಿಲ್ಲದೆ ಜಮೀನು ಬೀಳು ಬಿದ್ದಿದೆಯೇ? 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದರೂ ಸೇವೆಯಲ್ಲಿರುವ ಸೈನಿಕನಿಗೆ ಅದರಿಂದ ವಿನಾಯಿತಿ ಇಟ್ಟಿದೆ. ಬಾಯಿಮಾತಿನ ಕೋರಿನ (ಬೆಳೆ ಪಾಲಿನ ಒಪ್ಪಂದದ) ಬದಲು ಬರವಣಿಗೆಯಲ್ಲಿ, ಅವಧಿ ನಮೂದಿಸಿ ಮಾಡಿಸಿ.

ವಕೀಲರ ಖರ್ಚಿಗೆ ಹೆದರುವವರಿಗೆ ದಾರಿ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರಲ್ಲಿ ‘ವೀರ್ ಪರಿವಾರ್ ಸಹಾಯತಾ’ ಯೋಜನೆ ಆರಂಭಿಸಿ, ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರಗಳನ್ನು ಇಡುವ ವ್ಯವಸ್ಥೆ ಮಾಡಿದೆ. ನಿಮ್ಮಲ್ಲಿ ಒಬ್ಬಿಬ್ಬರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ ನೋಂದಾಯಿಸಿಕೊಂಡರೆ ತರಬೇತಿಯೂ ಸಿಗುತ್ತದೆ, ಕಚೇರಿಗಳಲ್ಲಿ ‘ನೀವು ಯಾರು?’ ಎಂಬ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಆಸ್ಪತ್ರೆಯ ತುರ್ತು ಬಂದಾಗ ಹೆಚ್ಚಿನ ಗೊಂದಲ ಆಗುವುದು ರಜೆಯ ಸುತ್ತ. ಮನೆಯವರು ಅಳುತ್ತ ಫೋನ್ ಮಾಡಿ ‘ಅಮ್ಮ ಸೀರಿಯಸ್, ಬೇಗ ಬಾ’ ಎನ್ನುತ್ತಾರೆ. ಅವನು ಕಂಪನಿ ಕಮಾಂಡರ್ ಎದುರು ನಿಂತಾಗ ಹೇಳಲು ಏನೂ ಇರುವುದಿಲ್ಲ. ನೀವು ಆಸ್ಪತ್ರೆಗೆ ಹೋಗಿ ರೋಗಿಯ ಹೆಸರು, ಸಂಬಂಧ, ಆಸ್ಪತ್ರೆ, ದಾಖಲಾದ ಸಮಯ, ವೈದ್ಯರ ಹೆಸರು ಮತ್ತು ಫೋನ್, ಕಾಯಿಲೆ, ಮಗ ಬರುವುದು ಅಗತ್ಯವೇ ಎಂಬ ವೈದ್ಯರ ಮಾತು, ಇಷ್ಟನ್ನು ಬರೆಸಿ ಸಹಿ, ಮೊಹರು ಹಾಕಿಸಿ ಫೋಟೋ ಕಳಿಸಿ. ಪ್ರತಿ ಮನೆಯಲ್ಲೂ ಯೂನಿಟ್‌ನ ಸಂಪರ್ಕ ಸಂಖ್ಯೆ, ಸೈನಿಕನ ಸೇನಾ ಸಂಖ್ಯೆ, ಯೂನಿಟ್ ಹೆಸರು ಬರೆದಿಟ್ಟಿರಬೇಕು. ಅವನ ಫೋನ್ ಸಿಗದಿದ್ದಾಗ ಯೂನಿಟ್ ಆಡಳಿತ ನೋಡುವ ಅಡ್ಜುಟಂಟ್ ಅಥವಾ ಸುಬೇದಾರ್ ಮೇಜರ್ ಅವರಿಗೆ ಸುದ್ದಿ ಮುಟ್ಟಿಸಲು ಇದೇ ದಾರಿ. ಕಾಯಿಲೆಯನ್ನು ದೊಡ್ಡದು ಮಾಡಿ ಹೇಳಬೇಡಿ. ಒಮ್ಮೆ ಸುಳ್ಳು ಎಂದು ಗೊತ್ತಾದರೆ ಮುಂದಿನ ನಿಜವಾದ ತುರ್ತಿಗೆ ಬೆಲೆ ಇರುವುದಿಲ್ಲ. ಮುಂಚೂಣಿಯ ಠಾಣೆಯಿಂದ ರಸ್ತೆಗೆ ಇಳಿಯಲು, ಲೇಹ್‌ನಿಂದ ಚಂಡೀಗಡಕ್ಕೆ ವಿಮಾನ ಹತ್ತಲು ಹವಾಮಾನ ಕೂಡಬೇಕು, ರಜೆ ಮಂಜೂರಾದರೂ ದಿನಗಳೇ ಹಿಡಿಯಬಹುದು. ಹೆರಿಗೆ, ಮೊದಲೇ ಗೊತ್ತಾದ ಶಸ್ತ್ರಚಿಕಿತ್ಸೆ ಇವುಗಳ ದಿನಾಂಕವನ್ನು ಒಂದೆರಡು ತಿಂಗಳು ಮುಂಚೆ ತಿಳಿಸಬೇಕೆನ್ನುವುದು ಇದಕ್ಕೇ.

ಖರ್ಚಿನ ಬಗ್ಗೆ: ಸೇವೆಯಲ್ಲಿರುವವರ ಅವಲಂಬಿತರಿಗೆ ಮಿಲಿಟರಿ ಆಸ್ಪತ್ರೆ, ನಿವೃತ್ತರಿಗೆ 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್. ಡಿಪೆಂಡೆಂಟ್ ಕಾರ್ಡು (ಅವಲಂಬಿತರ ಗುರುತಿನ ಚೀಟಿ) ಮನೆಯಲ್ಲಿರಲಿ, ಸೈನಿಕನ ಪೆಟ್ಟಿಗೆಯಲ್ಲಲ್ಲ. ಜೀವಕ್ಕೆ ಅಪಾಯವಿದ್ದು ಖಾಸಗಿ ಆಸ್ಪತ್ರೆಗೆ ಹೋಗಲೇಬೇಕಾದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಕೂಡಲೇ ತಿಳಿಸಿ, ತುರ್ತು ಎಂಬ ಪ್ರಮಾಣಪತ್ರ, ಮೂಲ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಜೋಪಾನ ಮಾಡಿ. ವಾರ ಕಳೆದು ತಿಳಿಸಿದರೆ ಬಿಲ್ಲು ಕೈಯಿಂದಲೇ.

ಮಕ್ಕಳ ವಿದ್ಯಾರ್ಥಿವೇತನದಲ್ಲಿ ಒಂದೇ ಎಚ್ಚರಿಕೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ (ತಿಂಗಳಿಗೆ ಹುಡುಗಿಯರಿಗೆ 3,000, ಹುಡುಗರಿಗೆ 2,500 ರೂಪಾಯಿ) ಮಾಜಿ ಸೈನಿಕರ ಮತ್ತು ಸೈನಿಕರ ವಿಧವೆಯರ ಮಕ್ಕಳಿಗೆ. ಸೇವೆಯಲ್ಲಿರುವವರ ಮಕ್ಕಳ ಅರ್ಜಿ ತುಂಬಿಸಿ ಆಸೆ ಹುಟ್ಟಿಸಬೇಡಿ.

ಫೋನ್ ಬಾರದ ದಿನಗಳು ಮನೆಯವರಿಗೆ ಬಲು ಕಷ್ಟ. ಠಾಣೆಯಲ್ಲಿ ನೆಟ್‌ವರ್ಕ್ ಇಲ್ಲ, ತುಕಡಿ ಜಾಗ ಬದಲಿಸಿದೆ, ಕಾರ್ಯಾಚರಣೆ ಇರುವುದರಿಂದ ಫೋನ್ ತೆಗೆದಿಟ್ಟಿದ್ದಾರೆ, ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದಾಗಿರುತ್ತದೆ. ಕೆಟ್ಟ ಸುದ್ದಿ ಇದ್ದರೆ ಸೇನೆ ತಾನೇ ಮನೆಗೆ ತಿಳಿಸುತ್ತದೆ ಎಂಬುದನ್ನು ಸಮಾಧಾನದಿಂದ ವಿವರಿಸಿ. ‘ಏನೂ ಆಗಿಲ್ಲ ಬಿಡಿ’ ಎಂದು ನೀವು ಭರವಸೆ ಕೊಡಬೇಡಿ, ನಿಮಗೆ ಗೊತ್ತಿಲ್ಲ. ಅಂಥ ದಿನ ಟಿವಿ ಆರಿಸಿ, ಜೊತೆಗೆ ಕೂತರೆ ಸಾಕು. ನಿದ್ದೆ ಬಿಟ್ಟವರು, ಊಟ ಬಿಟ್ಟವರು ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ, ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ. ಸೈನಿಕ ಎಲ್ಲಿದ್ದಾನೆ, ಯಾವ ಯೂನಿಟ್, ಯಾವತ್ತು ರಜೆಗೆ ಹೊರಡುತ್ತಾನೆ ಎಂಬುದನ್ನು ನಿಮ್ಮ ಗುಂಪಿನ ವಾಟ್ಸಾಪ್‌ನಲ್ಲೂ ಹಾಕಬೇಡಿ. ‘ನಾನು ರೆಕಾರ್ಡ್ ಆಫೀಸಿನಿಂದ’ ಎಂದು ಒಟಿಪಿ ಕೇಳುವವರು ಹುಡುಕುವುದು ಇಂಥ ಮಾಹಿತಿಯನ್ನೇ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಾವಿನ ಸುದ್ದಿ ಬಂದರೆ ಅದನ್ನು ಮನೆಯವರಿಗೆ ಹೇಳುವವರು ನೀವಾಗಬಾರದು, ಪೋಸ್ಟ್ ಹಾಕುವವರಂತೂ ಆಗಲೇಬಾರದು. ಅಂತ್ಯಸಂಸ್ಕಾರವನ್ನು ಸೇನೆ, ಜಿಲ್ಲಾಡಳಿತ, ಸೈನಿಕ ಕಲ್ಯಾಣ ಕಚೇರಿ ನೋಡಿಕೊಳ್ಳುತ್ತವೆ. ನಿಮಗೆ ಉಳಿಯುವುದು ಜನಜಂಗುಳಿಗೆ ನೀರು, ನೆರಳು, ಹೆಂಡತಿ ಮತ್ತು ತಾಯಿಯ ಮುಖಕ್ಕೆ ಕ್ಯಾಮೆರಾ ಹಿಡಿಯದಂತೆ ತಡೆ, ಮತ್ತು ಒಂದು ನೋಟ್‌ಬುಕ್. ಬಂದ ಗಣ್ಯರು ನಿವೇಶನ, ನೌಕರಿ, ಪರಿಹಾರ ಎಂದು ಮಾತು ಕೊಡುತ್ತಾರೆ. ಯಾರು, ಯಾವತ್ತು, ಏನು ಹೇಳಿದರು ಎಂದು ಬರೆದಿಟ್ಟು, ತಿಂಗಳೊಳಗೆ ಅದನ್ನೇ ಲಿಖಿತ ಮನವಿಯಾಗಿಸಿ ಜಿಲ್ಲಾಧಿಕಾರಿಗೆ ಕೊಡಿಸಿ, ಸ್ವೀಕೃತಿ ಪಡೆಯಿರಿ. ಮೊತ್ತದ ಬಗ್ಗೆ ನೀವೇನೂ ಹೇಳಬೇಡಿ. ಯುದ್ಧ ಸಾವು ಎಂದು ದಾಖಲಾಯಿತೋ, ಸೇವಾವಧಿಯ ಇತರ ಸಾವು ಎಂದೋ ಎಂಬುದರ ಮೇಲೆ ಪಿಂಚಣಿಯ ಬಗೆಯೂ ಪರಿಹಾರದ ಮೊತ್ತವೂ ಬದಲಾಗುತ್ತದೆ. ಟಿವಿಯಲ್ಲಿ ಬಂದ ಅಂಕಿ ನಂಬಿ ಕೂತ ಕುಟುಂಬಕ್ಕೆ ಆಮೇಲೆ ಎರಡನೇ ಪೆಟ್ಟು.

ಇಷ್ಟೆಲ್ಲ ಆಗಿಯೂ ಗಡಿಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ ಮನೆಯವರು ಕಳಿಸುವ ಪಾರ್ಸಲ್ಲನ್ನು ಸರಿಯಾಗಿ ಕಟ್ಟಿಕೊಡಿ. ಸೇನಾ ಸಂಖ್ಯೆ, ದರ್ಜೆ, ಹೆಸರು, ಯೂನಿಟ್, 9ರಿಂದ ಶುರುವಾಗುವ ಪಿನ್‌ಕೋಡ್, ಕೊನೆಗೆ ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’, ಇಷ್ಟೇ ವಿಳಾಸ (ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ). ಊರಿನ ಹೆಸರು, ರಾಜ್ಯದ ಹೆಸರು ಬರೆಯಬಾರದು. ಅಂಚೆ ಕಚೇರಿಯಿಂದಲೇ ಹೋಗಬೇಕು, ಖಾಸಗಿ ಕೊರಿಯರ್ ಆ ವಿಳಾಸಕ್ಕೆ ಮುಟ್ಟಿಸಲಾರದು. ದಾರಿ ಮುಚ್ಚಿದರೆ ಚೀಲ ವಾರಗಟ್ಟಲೆ ಕಾಯುತ್ತದೆ, ಆದ್ದರಿಂದ ಒಣಗಿದ, ಎಣ್ಣೆ ಬಿಡದ ತಿಂಡಿ ಮಾತ್ರ. ಗಾಳಿಯಾಡದ ಚೀಲದಲ್ಲಿ ಹಾಕಿ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪವರ್ ಬ್ಯಾಂಕ್, ಲೈಟರ್, ದ್ರವ ಪದಾರ್ಥ ಬೇಡ. ಶಾಲಾ ಮಕ್ಕಳಿಂದ ಕಾಗದ ಬರೆಸುವುದಾದರೆ ಮಗುವಿನ ಮೊದಲ ಹೆಸರು, ತರಗತಿ, ಶಾಲೆಯ ಹೆಸರು ಸಾಕು, ಮನೆ ವಿಳಾಸ, ಫೋನ್ ಬೇಡ. ಒಟ್ಟು ಕಟ್ಟನ್ನು ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿ. ‘ಶತ್ರುವನ್ನು ಕೊಲ್ಲಿ’ ಎಂದು ಬರೆಸುವ ಬದಲು ತಮ್ಮ ಊರಿನ ಮಳೆ, ಆಟ, ನಾಯಿಮರಿಯ ಬಗ್ಗೆ ಬರೆಯಲಿ. ಓದುವವರಿಗೆ ಬೇಕಾದದ್ದು ಅದು.

ಹಣ ಸಂಗ್ರಹಿಸುವುದಾದರೆ ನಿಮ್ಮ ಗುಂಪಿನ ಖಾತೆ ತೆರೆಯಬೇಡಿ, ಯಾರದೋ ಕ್ಯೂಆರ್ ಕೋಡ್ ಹಂಚಬೇಡಿ. ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ಡಿಸೆಂಬರ್ 7ರಂದು ನಡೆಯುತ್ತಿದೆ. ಆ ನಿಧಿಗೆ ಸೈನಿಕ ಕಲ್ಯಾಣ ಕಚೇರಿಯೇ ರಸೀದಿ ಕೊಡುತ್ತದೆ, ಆದಾಯ ತೆರಿಗೆಯ 80ಜಿ ವಿನಾಯಿತಿಯೂ ಇದೆ. ಯುದ್ಧದಲ್ಲಿ ಮಡಿದ ಅಥವಾ ಗಾಯಗೊಂಡವರ ಕುಟುಂಬಕ್ಕೆಂದೇ ಕೊಡಬೇಕಿದ್ದರೆ ರಕ್ಷಣಾ ಸಚಿವಾಲಯ 2022ರಲ್ಲಿ ತೆರೆದ ‘ಮಾ ಭಾರತಿ ಕೆ ಸಪೂತ್’, ಅರೆಸೇನಾ ಪಡೆಗಳಿಗಾದರೆ 2017ರ ‘ಭಾರತ್ ಕೆ ವೀರ್’ ಜಾಲತಾಣ ಇವೆ. ನಿಮ್ಮ ಜೆರಾಕ್ಸ್, ಬಸ್ಸು, ಅಫಿಡವಿಟ್ ಖರ್ಚನ್ನು ಮಾತ್ರ ನೀವೇ ಹಂಚಿಕೊಳ್ಳಿ, ಕುಟುಂಬದಿಂದ ಐದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಈಗಾಗಲೇ ‘ಕೆಲಸ ಮಾಡಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವ ದಲ್ಲಾಳಿಗಳು ಆ ಮನೆಗಳಿಗೆ ಬಂದುಹೋಗಿರುತ್ತಾರೆ.